ಡಬ್ಬದ ಮೇಲೆ ‘4ಕೆ’ ಅಂತ ಇದ್ದರೆ ನಂಬಬೇಡಿ

ಡ್ಯಾಶ್ ಕ್ಯಾಮ್ (ಕಾರಿನೊಳಗಿಂದ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ತಗೊಳ್ಳೋಕೆ ಹೊರಟಿದ್ದೀರಾ? ಮೊದಲು ಸೆನ್ಸರ್, ಅಂದರೆ ಒಳಗೆ ಚಿತ್ರ ಹಿಡಿಯುವ ಚಿಪ್, ಯಾವುದು ಅಂತ ಕೇಳಿ. ಹೆಸರು ಹೇಳದಿದ್ದರೆ ಎದ್ದು ಬನ್ನಿ. ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಇಷ್ಟು ಸಾಕು.

ಪುರುಸೊತ್ತು ಇದ್ದವರು ನನ್ನ ಕಥೆ ಕೇಳಿ. ಪಕ್ಕದಿಂದ ನುಗ್ಗಿ ಬಂದ ಕಾರೊಂದು ನನ್ನ ಕಾರಿನ ಮುಂದಿನ ಬಂಪರ್ ಕಿತ್ತುಕೊಂಡು, ನಿಲ್ಲಿಸದೆ ಹೋಯಿತು. ಹೋಗಿದ್ದು ನನ್ನ ಕಣ್ಣೆದುರೇ. ಬಿಸಿಲು ಇನ್ನೂ ಇತ್ತು, ಕತ್ತಲೆಯಾಗಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ. ನನಗೆ ಸಿಟ್ಟು ಬಂತೇ ಹೊರತು ಗಾಬರಿ ಆಗಲಿಲ್ಲ. ತುಂಬ ಸ್ಪಷ್ಟವಾಗಿ ತೆಗೆಯುತ್ತೆ ಅನ್ನೋ 4ಕೆ ಕ್ಯಾಮೆರಾ ಇದೆಯಲ್ಲ! ಮನೆಯವರಿಗೂ ಅದನ್ನೇ ಹೇಳಿದೆ, ಪೊಲೀಸರಿಗೂ ಅದನ್ನೇ ಹೇಳಿದೆ. ‘ನಂಬರ್ ಸಿಗುತ್ತೆ ಸರ್, 4ಕೆ ರೆಕಾರ್ಡಿಂಗ್ ಇದೆ’ ಅಂತ ಜಂಬದಿಂದಲೇ ಹೇಳಿದೆ.

ಸ್ಟೇಷನ್ನಿನಲ್ಲಿ ಲ್ಯಾಪ್‌ಟಾಪ್ ತೆರೆದು ವಿಡಿಯೊ ಹಾಕಿದೆ. ಕಾರು ಕಾಣುತ್ತೆ. ಬಣ್ಣ ಕಾಣುತ್ತೆ. ನಂಬರ್ ಪ್ಲೇಟ್ ಇರಬೇಕಾದ ಕಡೆ ಬೆಳ್ಳಗೆ ಒಂದು ಪಟ್ಟಿ, ಅದರೊಳಗೆ ಕಲಸಿಟ್ಟ ಹಿಟ್ಟಿನ ಹಾಗೆ ಏನೋ ಒಂದು. ನಿಲ್ಲಿಸಿ ನೋಡಿದೆ, ದೊಡ್ಡದು ಮಾಡಿ ನೋಡಿದೆ, ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿದೆ. 3 ಇರಬಹುದು, 8 ಇರಬಹುದು, ಬಿ ಕೂಡ ಇರಬಹುದು. ಪೊಲೀಸಿನವರು ಬಗ್ಗಿ ನೋಡಿ, ‘ಇದೇನಾ ಫೋರ್ ಕೆ?’ ಅಂದರು. ಅಕ್ಕಪಕ್ಕದವರು ನಕ್ಕರು. ಮುಖ ಎಲ್ಲಿಡಲಿ ಹೇಳಿ.

ಮಾರಿದವನಿಗೆ ಮೆಸೇಜ್ ಮಾಡಿದೆ. ಉತ್ತರಗಳನ್ನು ಬಂದ ಕ್ರಮದಲ್ಲೇ ಹಾಕುತ್ತೇನೆ, ನೀವೇ ಓದಿ.

‘ಸರ್, ಲೆನ್ಸ್ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ?’ ತೆಗೆದಿದ್ದೇನೆ.

‘ಗಾಜು ಒರೆಸಿ ನೋಡಿ ಸರ್.’ ಒರೆಸಿದ್ದೇನೆ.

‘ರಾತ್ರಿ ಯಾವ ಕ್ಯಾಮೆರಾದಲ್ಲೂ ನಂಬರ್ ಬರಲ್ಲ ಸರ್.’ ಬಿಸಿಲಲ್ಲಿ ಆಗಿದ್ದು ಅಂತ ಎರಡೆರಡು ಸಲ ಬರೆದಿದ್ದೆ. ಓದಿದರೆ ತಾನೆ!

ಆಮೇಲೆ ಬಂದಿದ್ದು ಇದು: ‘ಫೈಲ್ ಪ್ರಾಪರ್ಟೀಸ್ ನೋಡಿ ಸರ್. 3840×2160 ಅಂತ ಇದೆ. ನಾವು ಹೇಳಿದ್ದನ್ನೇ ಕೊಟ್ಟಿದ್ದೇವೆ.’

ನೋಡಿದೆ. ಹೌದು, 3840×2160 ಅಂತಲೇ ಇದೆ, 4ಕೆ ಚಿತ್ರದ ಅಗಲ, ಎತ್ತರ ಅದೇ. ಇಲ್ಲೇ ನನ್ನ ತಲೆ ಕೆಟ್ಟಿತು. ಫೈಲಿನಲ್ಲಿ 4ಕೆ, ಕಣ್ಣಿಗೆ ಮಾತ್ರ ಮಸಿ.

ಮನೆ ಮುಂದೆ ನಿಂತಿದ್ದ ಒಂದು ಕಾರಿನ ಹಿಂದೆ ನನ್ನ ಕಾರು ನಿಲ್ಲಿಸಿದೆ. ಕ್ಯಾಮೆರಾವನ್ನು 1080ಪಿಗೆ (4ಕೆಗಿಂತ ಕಮ್ಮಿ ವಿವರದ ಸೆಟ್ಟಿಂಗ್) ಇಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿದೆ. ಅಲ್ಲಿಂದಲೇ, ಅಲುಗಾಡಿಸದೆ, 4ಕೆಗೆ ಇಟ್ಟು ಇನ್ನೊಂದು ನಿಮಿಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ವ್ಯತ್ಯಾಸ ಇಲ್ಲ! ಚಿತ್ರ ಅಳತೆಯಲ್ಲಿ ದೊಡ್ಡದಾಗಿದೆ ಅಷ್ಟೆ. 1080ಪಿಯಲ್ಲಿ ಓದಲಾಗದ ಅಕ್ಷರ 4ಕೆಯಲ್ಲೂ ಓದಲಾಗದು. ಫೈಲಿನ ತೂಕವೂ ಹೆಚ್ಚುಕಮ್ಮಿ ಒಂದೇ, ನಿಮಿಷಕ್ಕೆ 75 ಎಂಬಿ ಆಸುಪಾಸು.

ಲೆಕ್ಕ ಸುಲಭ. 4ಕೆ ಅಂದರೆ ಒಂದು ಫ್ರೇಮಿಗೆ ಸುಮಾರು 83 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕೆ). 1080ಪಿ ಅಂದರೆ ಸುಮಾರು 21 ಲಕ್ಷ. ಒಳಗಿರುವುದು 2 ಮೆಗಾಪಿಕ್ಸೆಲ್ (20 ಲಕ್ಷ ಪಿಕ್ಸೆಲ್) ಸೆನ್ಸರ್ ಆದರೆ ಅದು ನೋಡುವುದೇ ಅಷ್ಟು. ಉಳಿದ ಮುಕ್ಕಾಲು ಭಾಗವನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್ ನೋಡಿಕೊಂಡು ಊಹಿಸಿ ತುಂಬುತ್ತೆ. ಇದಕ್ಕೆ ಇಂಟರ್‌ಪೊಲೇಷನ್ ಅನ್ನುತ್ತಾರೆ. ನಾನು ಮೋಸ ಅನ್ನುತ್ತೇನೆ. ಊಹಿಸಿದ ಪಿಕ್ಸೆಲ್‌ನಲ್ಲಿ ನಂಬರ್ ಎಲ್ಲಿಂದ ಬರಬೇಕು?

ಮತ್ತೆ ಕೇಳಿದೆ, ‘ಸೆನ್ಸರ್ ಯಾವುದು?’

‘ಹೈ ಕ್ವಾಲಿಟಿ ಸೆನ್ಸರ್ ಸರ್.’

ಹೆಸರು ಹೇಳಿ ಅಂದೆ. ‘ಅಡ್ವಾನ್ಸ್ಡ್ ನೈಟ್ ವಿಷನ್ ಸೆನ್ಸರ್ ಸರ್.’ ಎಷ್ಟು ಮೆಗಾಪಿಕ್ಸೆಲ್ ಅಂದೆ. ‘ಅದು ಕಂಪನಿಯ ಗುಟ್ಟು, ಹೇಳೋ ಹಾಗಿಲ್ಲ.’ ಸೆನ್ಸರ್ ಹೆಸರು ಗುಟ್ಟಂತೆ! ಒಳ್ಳೆಯ ಸೆನ್ಸರ್ ಹಾಕಿದವರು ಅದನ್ನು ಡಬ್ಬದ ಮೇಲೆ ಎಲ್ಲರಿಗೂ ಕಾಣೋ ಹಾಗೆ ಬರೆದುಕೊಳ್ಳುತ್ತಾರೆ, ಅಲ್ವಾ?

ಕೊನೆಗೆ ಮ್ಯಾನ್ಯುಯಲ್ ತಿರುವಿದೆ. ಕೊನೆಯ ಹಾಳೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರ: ‘4ಕೆ ಇಂಟರ್‌ಪೊಲೇಟೆಡ್’. ಫೋಟೊ ತೆಗೆದು ಕಳಿಸಿದೆ. ಉತ್ತರ ಏನು ಗೊತ್ತಾ? ‘ಮ್ಯಾನ್ಯುಯಲ್‌ನಲ್ಲೇ ಕೊಟ್ಟಿದ್ದೀವಲ್ಲ ಸರ್, ನೀವು ಓದಲಿಲ್ವಾ?’

ಮ್ಯಾನ್ಯುಯಲ್ ಇರುವುದು ಡಬ್ಬದ ಒಳಗೆ. ಡಬ್ಬಕ್ಕೆ ಸೀಲ್. ಸೀಲ್ ಒಡೆದರೆ ವಾಪಸ್ ಇಲ್ಲ. ಓದಬೇಕಾದರೆ ಒಡೆಯಬೇಕು, ಒಡೆದರೆ ದುಡ್ಡು ಹೋಯಿತು. ಎಂಥ ಏರ್ಪಾಟು ನೋಡಿ! ಹೊರಗೆ ಡಬ್ಬದ ಮೇಲೆ ಆ ಮಾತು ಎಲ್ಲೂ ಇಲ್ಲ. ಎಲ್ಲೂ.

ಇನ್ನೂ ಮುಗಿದಿಲ್ಲ. ‘ಬೇಕಾದರೆ ಮುಂದಿನ ಮಾಡೆಲ್‌ಗೆ ಡಿಸ್ಕೌಂಟ್ ಕೊಡ್ತೀವಿ ಸರ್. ಅದು ಒರಿಜಿನಲ್ 4ಕೆ.’ ಹಾಗಾದರೆ ನನ್ನ ಕೈಗೆ ಕೊಟ್ಟಿದ್ದು ಏನು ಸ್ವಾಮಿ? ಇದನ್ನು ಕೇಳಿದ್ದಕ್ಕೆ ಒಂದು ಕೈಮುಗಿಯುವ ಇಮೋಜಿ ಬಂತು.

ನಿಮಗೆ ಹೇಳುವುದು ಇಷ್ಟೇ. ಸೆನ್ಸರ್ ಹೆಸರು ಬೇಕೇ ಬೇಕು. ಸೋನಿಯ ಐಎಂಎಕ್ಸ್ 415, ಐಎಂಎಕ್ಸ್ 678 ಇವು 8 ಮೆಗಾಪಿಕ್ಸೆಲ್ ದಾಟುತ್ತವೆ, ನಿಜವಾದ 4ಕೆಗೆ ಸಾಕು. ಐಎಂಎಕ್ಸ್ 335 ಸುಮಾರು 5 ಮೆಗಾಪಿಕ್ಸೆಲ್. ಕೆಟ್ಟದ್ದೇನಲ್ಲ, ಆದರೆ ಅದನ್ನು ಹಾಕಿ 4ಕೆ ಅಂದರೆ ಸುಳ್ಳು. ಜಾಹೀರಾತಿನ ವಿಡಿಯೊ ನಂಬಬೇಡಿ, ಕ್ಯಾಮೆರಾದಿಂದ ನೇರವಾಗಿ ಬಂದ ಫೈಲ್ ಕೇಳಿ. 170 ಡಿಗ್ರಿ ಕಾಣುತ್ತೆ ಅಂತ ಹೊಗಳಿದರೆ ಹಿಗ್ಗಬೇಡಿ, ಅಗಲ ಹೆಚ್ಚಿದಷ್ಟೂ ಒಂದು ನಂಬರ್ ಪ್ಲೇಟಿನ ಪಾಲಿಗೆ ಬರುವ ಪಿಕ್ಸೆಲ್ ಕಮ್ಮಿ. ರಾತ್ರಿ ಓಡುವ ಗಾಡಿಯ ನಂಬರ್ ನಿಜವಾದ 4ಕೆಯಲ್ಲೂ ಎಷ್ಟೋ ಸಲ ಮಸುಕಾಗುತ್ತೆ, ಅದು ಬೇರೆ ಮಾತು. ಆದರೆ ಆ ನೆಪವನ್ನು ಹಗಲಿಗೂ ಹೇಳಿದರೆ ಒಪ್ಪಬೇಡಿ. ಸೀಲ್ ಒಡೆದ ಮೇಲೂ ವಾಪಸ್ ತಗೊಳ್ಳುವ ಕಡೆ ಕೊಂಡು, ಆ ದಿನವೇ 1080ಪಿ, 4ಕೆ ಎರಡರಲ್ಲೂ ಒಂದೇ ನಂಬರ್ ಪ್ಲೇಟ್ ರೆಕಾರ್ಡ್ ಮಾಡಿ ಹೋಲಿಸಿ. ನಾಳೆ ನೋಡೋಣ ಅನ್ನಬೇಡಿ, ವಾಪಸ್ ಕೊಡುವ ಗಡುವು ನಿಮಗಾಗಿ ಕಾಯಲ್ಲ.

ಗುದ್ದಿದವನು ಸಿಕ್ಕಿಲ್ಲ. ಬಂಪರ್ ಖರ್ಚು ನನ್ನದೇ. ಇದನ್ನೆಲ್ಲ ರಿವ್ಯೂನಲ್ಲಿ ಬರೆದು, ಫೋಟೊನೂ ಹಾಕಿದ್ದೆ. ಈಗ ಮಾರಿದವನಿಂದಲೇ ಮೆಸೇಜ್ ಬಂದಿದೆ, ರಿವ್ಯೂ ತೆಗೆದರೆ ಮೆಮೊರಿ ಕಾರ್ಡ್ ಫ್ರೀಯಂತೆ. ತೆಗೆಯಲ್ಲ. ಆ ಮೆಸೇಜನ್ನೂ ಅದರ ಕೆಳಗೇ ಹಾಕಿದ್ದೇನೆ.