ಗದಗಿನಿಂದ ಬಂದ 22 ಫಲಕಗಳು: ಭೂತಾನದ ಸಾಧಕರ ಕುರಿತ ಬಾಡಿಗೆ ಪ್ರದರ್ಶನದ ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಸಣ್ಣ ವಾಚನಾಲಯಕ್ಕೆ ಗದಗಿನ ಮುದ್ರಣಾಲಯವೊಂದು ಬಾಡಿಗೆಗೆ ಕೊಡುವ ಫಲಕ ಪ್ರದರ್ಶನವನ್ನು ಒಂದು ವಾರದ ಮಟ್ಟಿಗೆ ತರಿಸಿದ್ದೆವು. ನಾನಾ ವೃತ್ತಿಗಳಲ್ಲಿ ಹೆಸರು ಮಾಡಿದ ಭೂತಾನದ ಸಾಧಕರು ಇದರ ವಿಷಯ. ಒಟ್ಟು 22 ಫಲಕಗಳಿವೆ; 7 ದಿನಗಳ ಬಾಡಿಗೆ 2,800 ರೂಪಾಯಿ, ಮರಳಿ ಕೊಡುವ ಠೇವಣಿ 3,000 ರೂಪಾಯಿ. ಶಾಲೆ, ವಾಚನಾಲಯ, ಮಹಿಳಾ ಮಂಡಳಗಳು ಇದನ್ನು ಅವಶ್ಯವಾಗಿ ತರಿಸಬೇಕೆಂದು ನಾನು ಹೇಳುತ್ತೇನೆ. ಆದರೆ ಪ್ರದರ್ಶನದ ಜೋಡಣೆಯಲ್ಲಿ ಒಂದು ದೊಡ್ಡ ದೋಷವಿದೆ, ಅಕ್ಷರಗಳಲ್ಲಿ ಅನೇಕ ಸಣ್ಣ ದೋಷಗಳಿವೆ.

ಮೊದಲ ಫಲಕದಲ್ಲಿ ದೇಶದ ನಕ್ಷೆಯ ಜೊತೆ, 2017ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 7.27 ಲಕ್ಷ ಎಂದು ಬರೆದಿದೆ. ಅದರ ಪಕ್ಕದ ಕರಿಹಲಗೆಯ ಮೇಲೆ ನಾನು ಸೀಮೆಸುಣ್ಣದಿಂದ ಇನ್ನೊಂದು ಸಂಖ್ಯೆ ಬರೆದೆ: 2011ರ ಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ, ಸುಮಾರು 9.43 ಲಕ್ಷ. ಬಂದವರೆಲ್ಲ ಅಲ್ಲಿ ನಿಂತು ಎರಡನ್ನೂ ಮತ್ತೆ ಮತ್ತೆ ಓದಿಯೇ ಮುಂದೆ ಹೋಗುತ್ತಿದ್ದರು. ನಮ್ಮ ಅವಳಿ ನಗರಕ್ಕಿಂತ ಕಡಿಮೆ ಜನರಿರುವ ಒಂದು ದೇಶ ತನ್ನ ವೈದ್ಯರನ್ನು, ನ್ಯಾಯಾಧೀಶರನ್ನು, ಎಂಜಿನಿಯರರನ್ನು, ಕಾದಂಬರಿಕಾರರನ್ನು, ಒಲಿಂಪಿಕ್ಸ್ ಸ್ಪರ್ಧಿಗಳನ್ನು ಆ ಅಷ್ಟೇ ಮಂದಿಯಿಂದ ಹುಡುಕಿಕೊಳ್ಳಬೇಕು ಎಂಬುದು ತಿಳಿದ ಮೇಲೆ ಉಳಿದ ಫಲಕಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಅತ್ಯಂತ ಸೊಗಸಾಗಿರುವುದು ಡಾ. ಲೋಟೇ ತ್ಸೆರಿಂಗ್ ಅವರ ಫಲಕ. ಬಾಂಗ್ಲಾದೇಶದ ಮೈಮನ್‌ಸಿಂಗ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮೂತ್ರಾಂಗಗಳ ಶಸ್ತ್ರಚಿಕಿತ್ಸಕರಾಗಿ ದುಡಿದ ಅವರು 2018ರಿಂದ 2023ರವರೆಗೆ ಪ್ರಧಾನಿಯಾಗಿದ್ದರು. ಆ ಹುದ್ದೆಯಲ್ಲಿದ್ದಾಗಲೂ ಶನಿವಾರಗಳಂದು ರಾಜಧಾನಿ ಥಿಂಪುವಿನ ಆಸ್ಪತ್ರೆಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಷ್ಟು ಸಂಗತಿಯನ್ನು ಆರು ಸಾಲುಗಳಲ್ಲಿ, ಯಾವ ಹೊಗಳಿಕೆಯ ವಿಶೇಷಣವೂ ಇಲ್ಲದೆ ಹೇಳಿರುವುದು ಬರೆದವರ ಸಂಯಮವನ್ನು ತೋರಿಸುತ್ತದೆ. ದಿನವೂ ಪತ್ರಿಕೆ ಓದಲು ಬರುವ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಈ ಫಲಕದ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತು, ಬಂದ ಹುಡುಗರಿಗೆಲ್ಲ ಇದನ್ನು ಗಟ್ಟಿಯಾಗಿ ಓದಿ ಹೇಳಿದರು.

ದೊಡ್ಡ ದೋಷ ಎಂದೆನಲ್ಲ, ಅದು ಇಲ್ಲಿಯೇ ಕಾಣುತ್ತದೆ. ಪ್ರದರ್ಶನವನ್ನು ವೃತ್ತಿಗಳ ಪ್ರಕಾರ ಆರು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೊಂದು ಬಣ್ಣದ ಅಂಚು ಕೊಟ್ಟಿದ್ದಾರೆ. ಡಾ. ಲೋಟೇ ಅವರು ರಾಜಕಾರಣದ ನೀಲಿ ಅಂಚಿನಲ್ಲಿದ್ದಾರೆ, ವೈದ್ಯರ ಗುಂಪಿನಲ್ಲಿ ಅವರ ಹೆಸರೇ ಇಲ್ಲ. ಆದರೆ ಈ ಜನರ ವಿಶೇಷವೇ ಒಂದು ಗುಂಪಿನಲ್ಲಿ ಹಿಡಿಸದಿರುವುದು. ಜನ ಕಡಿಮೆ ಇರುವ ನಾಡಿನಲ್ಲಿ ಒಬ್ಬರೇ ಎರಡು-ಮೂರು ಕೆಲಸಗಳಿಗೆ ಹೆಗಲು ಕೊಟ್ಟಿದ್ದಾರೆ. ದೇಶದ ಪ್ರಗತಿಯನ್ನು ಹಣದಿಂದಷ್ಟೇ ಅಳೆಯದೆ ಜನರ ಸಂತೋಷದಿಂದಲೂ ಅಳೆಯಬೇಕೆನ್ನುವ ‘ಒಟ್ಟು ರಾಷ್ಟ್ರೀಯ ಸಂತೋಷ’ದ ವಿಚಾರವನ್ನು ಅಧ್ಯಯನದ ಶಿಸ್ತಿಗೆ ತಂದವರಲ್ಲಿ ಪ್ರಮುಖರಾದ ದಾಶೋ (ಇದು ಅಲ್ಲಿನ ಗೌರವದ ಬಿರುದು) ಕರ್ಮ ಉರಾ ವಿದ್ವಾಂಸರೂ ಹೌದು, ಚಿತ್ರಕಾರರೂ ಹೌದು. ಫಲಕದಲ್ಲಿ ವಿದ್ವಾಂಸರು ಮಾತ್ರ. ಖ್ಯೆಂತ್ಸೆ ನೋರ್ಬು ಬೌದ್ಧ ಗುರುಗಳು, ಅವರೇ ಚಲನಚಿತ್ರ ನಿರ್ದೇಶಕರು. 2013ರಲ್ಲಿ ದೇಶದ ಮೊದಲ ಮಹಿಳಾ ಸಚಿವೆಯಾದ ದೋರ್ಜಿ ಚೋಡೆನ್ ಅದಕ್ಕೂ ಮೊದಲು ದೇಶದ ಮೊದಲ ಮಹಿಳಾ ಎಂಜಿನಿಯರ್ ಆಗಿದ್ದವರು, ಮತ್ತು ನಮ್ಮ ವಾಚನಾಲಯಕ್ಕೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿನಿಯರಿಗೆ ಈ ಎರಡನೆಯ ಮಾತೇ ಹೆಚ್ಚು ಬೇಕಾಗಿತ್ತು. ಅಂಚಿನ ಬಣ್ಣವನ್ನು ಕೈಬಿಟ್ಟು, ಒಬ್ಬೊಬ್ಬರು ಮಾಡಿದ ಎಲ್ಲ ಕೆಲಸಗಳನ್ನೂ ಹೆಸರಿನ ಕೆಳಗೇ ಬರೆದರೆ ಪ್ರದರ್ಶನದ ಜೀವ ಎದ್ದು ಕಾಣುತ್ತದೆ.

ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ದಾಶೋ ಪಲ್ಜೋರ್ ದೋರ್ಜಿ ಅವರ ಫಲಕ. ಬೆಂಜಿ ಎಂಬ ಕರೆಯುವ ಹೆಸರಿನಿಂದಲೇ ಪ್ರಸಿದ್ಧರಾದ ಇವರು ಮುಖ್ಯ ನ್ಯಾಯಾಧೀಶರಾಗಿದ್ದವರು. 1987ರಲ್ಲಿ ಸ್ಥಾಪನೆಯಾದ ನಿಸರ್ಗ ಸಂರಕ್ಷಣೆಯ ರಾಯಲ್ ಸೊಸೈಟಿಯ ಸ್ಥಾಪಕರು. ಚಳಿಗಾಲದಲ್ಲಿ ಟಿಬೆಟ್ಟಿನಿಂದ ಫೋಬ್ಜಿಖಾ ಕಣಿವೆಗೆ ಬರುವ ಕಪ್ಪು ಕೊರಳಿನ ಕ್ರೌಂಚ ಪಕ್ಷಿಗಳನ್ನು ಕಾಯುವ ಕೆಲಸವನ್ನು ಆ ಸಂಸ್ಥೆ ಮಾಡುತ್ತಿದೆ. ಹಕ್ಕಿಗಳಿಗೆ ಅಪಾಯವಾಗದಿರಲೆಂದು ಆ ಕಣಿವೆಯಲ್ಲಿ ವಿದ್ಯುತ್ ತಂತಿಗಳನ್ನು ನೆಲದಡಿಯಲ್ಲಿ ಹಾಕಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆಯೂ ದೊರೆತಿದೆ. ಗದಗಿನಲ್ಲಿಯೇ ಮುದ್ರಣವಾದ ಫಲಕದಲ್ಲಿ ಮಾಗಡಿಯ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ಬೇಸರ ತಂದಿತು. ಶಿರಹಟ್ಟಿ ಕಡೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿ ಆ ಹೆಬ್ಬಾತುಗಳ ಮಾತು ತೆಗೆದ ಮೇಲೆ, ಅರ್ಧ ತಾಸು ಅಲ್ಲಿ ಹಕ್ಕಿಗಳದೇ ಚರ್ಚೆ ನಡೆಯಿತು.

ಹೆಸರುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾಗಿತ್ತು. ತ್ಸೆರಿಂಗ್ ಎಂಬ ಒಂದೇ ಹೆಸರನ್ನು ಮೂರು ಫಲಕಗಳಲ್ಲಿ ತ್ಸೆರಿಂಗ್, ಶೇರಿಂಗ್, ಟ್ಶೆರಿಂಗ್ ಎಂದು ಮೂರು ಬಗೆಯಾಗಿ ಅಚ್ಚು ಹಾಕಿದ್ದಾರೆ. ನಮ್ಮ ಕಡೆ ಬಡಿಗೇರ, ಪತ್ತಾರ, ಕಮ್ಮಾರ ಎಂಬ ಅಡ್ಡಹೆಸರು ಕೇಳಿದರೆ ಹಿರಿಯರ ಕಸುಬು ತಿಳಿಯುತ್ತದೆ. ಭೂತಾನದಲ್ಲಿ ಸಾಮಾನ್ಯವಾಗಿ ಮನೆತನದ ಹೆಸರು ಇಡುವ ರೂಢಿಯಿಲ್ಲ; ಅನೇಕ ಹೆಸರುಗಳು ಗಂಡಿಗೂ ಹೆಣ್ಣಿಗೂ ಒಂದೇ. ಇದನ್ನು ಎಲ್ಲಿಯೂ ವಿವರಿಸದ ಕಾರಣ ಗೊಂದಲವಾಯಿತು. ಕುಂಜಾಂಗ್ ಚೋಡೆನ್ ಎಂಬ ಹೆಸರಿನ ಎರಡು ಫಲಕಗಳಿವೆ: ಒಬ್ಬರು 2005ರಲ್ಲಿ ಕಾದಂಬರಿ ಪ್ರಕಟಿಸಿ, ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ಭೂತಾನದ ಮೊದಲ ಮಹಿಳೆ ಎನಿಸಿಕೊಂಡ ಲೇಖಕಿ, ಇನ್ನೊಬ್ಬರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೈಫಲ್ ಹಿಡಿದ ಶೂಟರ್. ಇಬ್ಬರೂ ಒಬ್ಬರೇ ಎಂದು ಟಿಪ್ಪಣಿ ಬರೆದುಕೊಂಡವರು ಒಬ್ಬಿಬ್ಬರಲ್ಲ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರೇ ಹೆಚ್ಚು. ಅವರು ಫಲಕದಲ್ಲಿದ್ದುದನ್ನು ನಂಬಿ ಬರೆದುಕೊಳ್ಳುತ್ತಾರೆ ಎಂಬುದನ್ನು ಸಿದ್ಧಪಡಿಸಿದವರು ನೆನಪಿಡಬೇಕು.

ಚಲನಚಿತ್ರದ ಫಲಕಗಳು ಚೆನ್ನಾಗಿವೆ. ಪಾವೋ ಚೋಯ್ನಿಂಗ್ ದೋರ್ಜಿ ವಿದ್ಯುತ್ತಿಲ್ಲದ ಲುನಾನಾ ಎಂಬ ದುರ್ಗಮ ಪ್ರದೇಶದಲ್ಲಿ ಸೌರಶಕ್ತಿಯ ಬಲದಿಂದ ಚಿತ್ರೀಕರಣ ನಡೆಸಿ, ಅಲ್ಲಿನ ಶಾಲೆಗೆ ಬಂದ ಮೇಷ್ಟ್ರೊಬ್ಬರ ಕಥೆ ಹೇಳಿದರು. 2022ರಲ್ಲಿ ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡ ಭೂತಾನದ ಮೊದಲ ಚಿತ್ರವಾಯಿತು. ಕ್ರೀಡೆಯ ಗುಂಪಿನಲ್ಲಿ 2018-19ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತಂಡದಲ್ಲಿದ್ದ ಫುಟ್‌ಬಾಲ್ ಆಟಗಾರ ಚೆಂಚೊ ಗ್ಯೆಲ್ತ್‌ಶೆನ್ ಇದ್ದಾರೆ; ಹುಡುಗರು ಅವರನ್ನು ನೋಡಿದೊಡನೆ ಗುರುತಿಸಿದರು. ಆದರೆ ಕ್ರೀಡೆಯಲ್ಲಿ ನಾನು ಮೆಚ್ಚಿದ ಆಯ್ಕೆ ಕಿಂಜಾಂಗ್ ಲ್ಹಾಮೊ ಅವರದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನ್‌ನಲ್ಲಿ ಅವರು ಗೆದ್ದವರಿಗಿಂತ ಒಂದೂವರೆ ತಾಸು ತಡವಾಗಿ, 3 ಗಂಟೆ 52 ನಿಮಿಷ 59 ಸೆಕೆಂಡುಗಳಲ್ಲಿ, ಎಲ್ಲರಿಗಿಂತ ಕೊನೆಯವರಾಗಿ ಗುರಿ ಮುಟ್ಟಿದರು. ದಾರಿಯುದ್ದಕ್ಕೂ ಜನ ಅವರನ್ನು ಹುರಿದುಂಬಿಸಿದರು. ಕೊನೆಯ ಸ್ಥಾನವನ್ನು ಮರೆಮಾಚದೆ, ಸಮಯವನ್ನು ದಪ್ಪ ಅಕ್ಷರದಲ್ಲಿ ಹಾಕಿ, ಸಾಧಕರ ಸಾಲಿನಲ್ಲಿಯೇ ನಿಲ್ಲಿಸಿರುವ ಸಂಪಾದಕರ ತೀರ್ಮಾನಕ್ಕೆ ನನ್ನ ಪೂರ್ಣ ಗೌರವವಿದೆ.

ಸೇವೆಯ ಬಗ್ಗೆ ಹೇಳುವುದಾದರೆ, ಮಾತು ಕೊಟ್ಟ ದಿನವೇ ಹುಬ್ಬಳ್ಳಿ ಮಾರ್ಗವಾಗಿ ಬಸ್ಸಿನ ಪಾರ್ಸೆಲ್‌ನಲ್ಲಿ ಫಲಕಗಳು ಬಂದವು. ಮುದ್ರಣ ಸ್ಪಷ್ಟವಾಗಿದೆ, ಅಕ್ಷರಗಳ ಗಾತ್ರ ವಯಸ್ಸಾದವರಿಗೂ ಓದಲು ಸಾಕು. ಜೊತೆಗೆ ಕಳುಹಿಸಿದ ಕಬ್ಬಿಣದ ಸ್ಟ್ಯಾಂಡುಗಳಲ್ಲಿ ನಾಲ್ಕರ ತಿರುಪು ಸಡಿಲವಾಗಿದ್ದು, ಎರಡು ಫಲಕಗಳನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಬೇಕಾಯಿತು. ಠೇವಣಿ ಮರಳಿ ಬರಲು 19 ದಿನ ಹಿಡಿಯಿತು, ಮೂರು ಸಲ ಫೋನ್ ಮಾಡಬೇಕಾಯಿತು. ಸಣ್ಣ ವಾಚನಾಲಯಗಳಿಗೆ 3,000 ರೂಪಾಯಿ ಸಣ್ಣ ಮೊತ್ತವಲ್ಲ, ಇದನ್ನು ಅವರು ಸರಿಪಡಿಸಿಕೊಳ್ಳಬೇಕು. ತಪ್ಪುಗಳ ಪಟ್ಟಿಯನ್ನು ಫಲಕದ ಸಂಖ್ಯೆ ಸಹಿತ ಬರೆದು ಕಳುಹಿಸಿದ್ದೇನೆ. ಮುಂದಿನ ಮುದ್ರಣದಲ್ಲಿ ತಿದ್ದುವುದಾಗಿ ಒಪ್ಪಿದ್ದಾರೆ, ಮಾಗಡಿ ಕೆರೆಯ ಸಾಲುಗಳನ್ನು ನಾನೇ ಬರೆದುಕೊಡಬೇಕೆಂದು ಕೇಳಿದ್ದಾರೆ. ಅದಕ್ಕೆ ಮುಂಚೆ ತರಿಸುವವರು ಕುಂಜಾಂಗ್ ಚೋಡೆನ್ ಹೆಸರಿನ ಎರಡು ಫಲಕಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ, ನಡುವೆ ಒಂದು ಚೀಟಿ ಅಂಟಿಸಲಿ.