ಕೆಳದವಡೆಯ ಬುದ್ಧಿಹಲ್ಲು ಕೀಳಿಸುವ ಮುನ್ನ ತುಟಿಯ ನರ ಎಲ್ಲಿದೆ ಎಂದು ಕೇಳಿ

ಕೆಳದವಡೆಯಲ್ಲಿ ಅಡ್ಡಲಾಗಿ ಮಲಗಿರುವ ಬುದ್ಧಿಹಲ್ಲನ್ನು, ಪೂರ್ತಿ ದವಡೆಯ ಎಕ್ಸ್-ರೇ ನೋಡದೆ ಮತ್ತು ತುಟಿಗೆ ಹೋಗುವ ನರ ಅದರ ಬೇರಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ತಿಳಿಯದೆ, ಯಾರ ಕೈಯಲ್ಲಿಯೂ ಕೀಳಿಸಿಕೊಳ್ಳಬೇಡಿ. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಳೆದ ವರ್ಷ ಬೆಂಗಳೂರಿನ ಒಂದು ದಂತ ಚಿಕಿತ್ಸಾಲಯದಲ್ಲಿ ನನ್ನ ಬಲಗಡೆಯ ಕೆಳಗಿನ ಬುದ್ಧಿಹಲ್ಲನ್ನು ತೆಗೆದರು. ಅಂದಿನಿಂದ ಕೆಳತುಟಿಯ ಬಲ ಅರ್ಧಕ್ಕೂ ಅದರ ಕೆಳಗಿನ ಗದ್ದಕ್ಕೂ ಸ್ಪರ್ಶ ಸರಿಯಾಗಿ ತಿಳಿಯುತ್ತಿಲ್ಲ. ಬಹುಪಾಲು ಜನ ಬುದ್ಧಿಹಲ್ಲು ತೆಗೆಸಿಕೊಂಡು ವಾರ ಹತ್ತು ದಿನಗಳಲ್ಲಿ ಮೊದಲಿನಂತಾಗುತ್ತಾರೆ ಎಂಬುದು ನಿಜ, ಅವರನ್ನು ಹೆದರಿಸುವ ಉದ್ದೇಶ ನನಗಿಲ್ಲ. ಆದರೆ ನನಗಾದದ್ದರಲ್ಲಿ ದೊಡ್ಡ ಭಾಗ ತಪ್ಪಿಸಬಹುದಾಗಿದ್ದುದು ಎಂದು ಆಮೇಲೆ ನೋಡಿದ ತಜ್ಞರು ಸ್ಪಷ್ಟವಾಗಿ ಹೇಳಿದರು.

ತೊಂದರೆ ಆರಂಭವಾದದ್ದು ಎಲ್ಲರಿಗೂ ಆಗುವಂತೆಯೇ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಹುಟ್ಟುವ ಈ ಹಲ್ಲಿಗೆ ದವಡೆಯ ತುದಿಯಲ್ಲಿ ಜಾಗ ಸಾಲದಿದ್ದರೆ ಅದು ಅರ್ಧ ಮಾತ್ರ ಹೊರಬಂದು, ಉಳಿದರ್ಧದ ಮೇಲೆ ವಸಡಿನ ಒಂದು ಪದರ ಮುಚ್ಚಳದಂತೆ ಉಳಿದುಬಿಡುತ್ತದೆ. ಅನ್ನದ ಅಗುಳು, ಕೊಬ್ಬರಿಯ ಚೂರು ಆ ಪದರದಡಿ ಸಿಕ್ಕಿಕೊಂಡರೆ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ವಸಡು ಕೆಂಪಾಗಿ ಊದಿ, ಕೀವು ಒಸರಿ, ಬಾಯಿ ತೆರೆಯಲು ಕಷ್ಟವಾಗುತ್ತದೆ, ನುಂಗುವಾಗ ನೋವು ಕಿವಿಯವರೆಗೂ ಹೋಗುತ್ತದೆ. ವೈದ್ಯರು ಇದನ್ನು ಪೆರಿಕೊರೊನೈಟಿಸ್ ಎನ್ನುತ್ತಾರೆ. ಆ್ಯಂಟಿಬಯಾಟಿಕ್ ನುಂಗಿದರೆ ಊತ ಇಳಿಯುತ್ತದೆ, ಆದರೆ ಆ ಸಂದು ಹಾಗೆಯೇ ಇರುವುದರಿಂದ ಕೆಲವು ತಿಂಗಳಿಗೆ ಮತ್ತೆ ಮರುಕಳಿಸುತ್ತದೆ. ನನಗೂ ಹೀಗೆಯೇ ಆಗುತ್ತಿತ್ತು, ಆದ್ದರಿಂದ ಹಲ್ಲು ತೆಗೆಸುವ ನಿರ್ಧಾರ ಸರಿಯಾದದ್ದೇ ಆಗಿತ್ತು. ಕೆಟ್ಟದ್ದು ಅದನ್ನು ತೆಗೆದ ರೀತಿ.

ಚಿಕಿತ್ಸಾಲಯದಲ್ಲಿ ಬೆರಳಗಲದ ಫಿಲ್ಮನ್ನು ಬಾಯೊಳಗಿಟ್ಟು ಒಂದು ಸಣ್ಣ ಎಕ್ಸ್-ರೇ ತೆಗೆದರು. ಅದರಲ್ಲಿ ಹಲ್ಲಿನ ತಲೆಭಾಗ ಕಾಣುತ್ತಿತ್ತು, ಬೇರಿನ ತುದಿಗಳು ಚೌಕಟ್ಟಿನಿಂದ ಹೊರಗೇ ಉಳಿದಿದ್ದವು. ದೊಡ್ಡ ಎಕ್ಸ್-ರೇ ಬೇಡವೇ ಎಂದು ಕೇಳಿದಾಗ, ಇಂಥ ಹಲ್ಲುಗಳನ್ನು ದಿನವೂ ತೆಗೆಯುತ್ತೇವೆ, ಅನಾವಶ್ಯಕ ಖರ್ಚೇಕೆ ಎಂಬ ಉತ್ತರ ಬಂತು. ಸಹಿಗೆಂದು ಕೊಟ್ಟ ಅಚ್ಚಿನ ಹಾಳೆಯಲ್ಲಿ ‘ಚಿಕಿತ್ಸೆಗೆ ಒಪ್ಪಿಗೆ ಇದೆ’ ಎಂಬುದರ ಹೊರತು ತುಟಿಯ ಬಗ್ಗೆಯಾಗಲಿ ನಾಲಿಗೆಯ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ. ಅದಕ್ಕಿಂತ ಹೆಚ್ಚು ಒತ್ತಾಯ ನಡೆದದ್ದು ಬೇರೆ ವಿಷಯಕ್ಕೆ: ನಾಲ್ಕೂ ಬುದ್ಧಿಹಲ್ಲುಗಳನ್ನು ಒಟ್ಟಿಗೆ ತೆಗೆಸಿದರೆ ರಿಯಾಯಿತಿ ಕೊಡುತ್ತೇವೆ ಎಂದರು. ಯಾವ ತೊಂದರೆಯನ್ನೂ ಕೊಡದೆ ಇರುವ ಮೇಲಿನ ಎರಡು ಹಲ್ಲುಗಳನ್ನು ತೆಗೆಸಲು ನಾನು ಒಪ್ಪಲಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, ರೋಗವಿಲ್ಲದ ಬುದ್ಧಿಹಲ್ಲುಗಳನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕೀಳುವುದನ್ನು ನಿಲ್ಲಿಸಬೇಕೆಂದು 2000ದಲ್ಲಿಯೇ ಹೇಳಿದೆ. ಈ ವಿಷಯದಲ್ಲಿ ತಜ್ಞರ ನಡುವೆ ಭಿನ್ನಾಭಿಪ್ರಾಯ ಇರಬಹುದು, ಆದರೆ ರಿಯಾಯಿತಿಯು ಶಸ್ತ್ರಚಿಕಿತ್ಸೆಗೆ ಕಾರಣವಾಗಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗವಿಲ್ಲ.

ಅರಿವಳಿಕೆ ಚುಚ್ಚಿ, ವಸಡು ಕೊಯ್ದು, ಮೂಳೆ ಕೊರೆದು, ಹಲ್ಲನ್ನು ಸೀಳಿ ತೆಗೆಯಲು ಆರಂಭಿಸಿದ ಮೇಲೆ ಬಹಳ ಹೊತ್ತು ಹಿಡಿಯಿತು. ಒಂದು ಹಂತದಲ್ಲಿ ‘ಟಕ್’ ಎಂಬ ಸದ್ದು ತಲೆಬುರುಡೆಯೊಳಗೇ ಕೇಳಿಸಿತು. ಬೇರು ಮುರಿದಿತ್ತು. ಆಮೇಲೆ ಆಳದಲ್ಲಿ ಕೆದಕುವಾಗ, ಅರಿವಳಿಕೆ ಇದ್ದರೂ, ಕೆಳತುಟಿಯ ತುದಿಯವರೆಗೆ ಒಂದು ಮಿಂಚು ಹರಿದಂತಾಯಿತು. ನಾನು ಕೈ ಎತ್ತಿದೆ, ಇನ್ನೊಂದು ಚುಚ್ಚುಮದ್ದು ಕೊಟ್ಟು ಕೆದಕುವುದನ್ನು ಮುಂದುವರಿಸಿದರು. ಕೊನೆಗೆ ಚಿಕ್ಕ ತುಂಡು ಒಳಗೇ ಇದೆ, ತಾನಾಗಿಯೇ ಮೇಲೆ ಬರುತ್ತದೆ ಎಂದು ಹೇಳಿ ಹೊಲಿಗೆ ಹಾಕಿ, ಮನೆಗೆ ಹೋದ ಕೂಡಲೇ ಉಪ್ಪುನೀರಿನಿಂದ ಚೆನ್ನಾಗಿ ಮುಕ್ಕಳಿಸಿ ಎಂಬ ಸಲಹೆಯೊಂದಿಗೆ ಕಳುಹಿಸಿದರು.

ಈ ಕೊನೆಯ ಸಲಹೆ ಪೂರ್ತಿ ತಪ್ಪು. ಹಲ್ಲು ತೆಗೆದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಯನ್ನು ಮುಚ್ಚಬೇಕು, ಆ ಹೆಪ್ಪೇ ಗಾಯ ಮಾಯುವುದಕ್ಕೆ ಬುನಾದಿ. ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸುವುದು, ಪದೇ ಪದೇ ಉಗುಳುವುದು, ಸ್ಟ್ರಾ ಹಾಕಿ ಹೀರುವುದು ಯಾವುದೂ ಕೂಡದು. ಬೀಡಿ ಸಿಗರೇಟು ಅದಕ್ಕಿಂತ ಹೆಚ್ಚು ದಿನ ಕೂಡದು. ಹೆಪ್ಪು ಕಿತ್ತುಹೋದರೆ ಮೂಳೆ ಬತ್ತಲಾಗುತ್ತದೆ. ಅದಕ್ಕೆ ಡ್ರೈ ಸಾಕೆಟ್ ಎಂದು ಹೆಸರು. ಅದರ ಲಕ್ಷಣ ಹೀಗಿದೆ: ಕಡಿಮೆಯಾಗುತ್ತಾ ಬಂದ ನೋವು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಏಕಾಏಕಿ ಹೆಚ್ಚಿ, ಕಿವಿ ಮತ್ತು ಕಣತಲೆಯವರೆಗೂ ಹಬ್ಬುತ್ತದೆ, ಬಾಯಿಂದ ಕೆಟ್ಟ ವಾಸನೆ ಬರುತ್ತದೆ, ನೋವಿನ ಮಾತ್ರೆ ಅದಕ್ಕೆ ನಾಟುವುದಿಲ್ಲ. ನನಗೆ ಹಾಗೆಯೇ ಆಯಿತು. ಚಿಕಿತ್ಸಾಲಯಕ್ಕೆ ಫೋನ್ ಮಾಡಿದಾಗ ಇನ್ನೊಂದು ಆ್ಯಂಟಿಬಯಾಟಿಕ್ ಹೆಸರು ಹೇಳಿದರೇ ಹೊರತು ಬಂದು ತೋರಿಸಿ ಎನ್ನಲಿಲ್ಲ. ವಾಸ್ತವದಲ್ಲಿ ಇದಕ್ಕೆ ಬೇಕಾದದ್ದು ಗುಂಡಿಯನ್ನು ಸಲೈನಿನಿಂದ ತೊಳೆದು, ಲವಂಗದ ಎಣ್ಣೆಯ ಸಾರವಾದ ಯೂಜಿನಾಲ್ ಇರುವ ಔಷಧದ ಪಟ್ಟಿಯನ್ನು ಒಳಗಿಡುವುದು. ಬೇರೆಡೆ ಅದನ್ನು ಇಟ್ಟ ಸ್ವಲ್ಪ ಹೊತ್ತಿನಲ್ಲಿಯೇ ನನಗೆ ನೋವು ಇಳಿಯಿತು.

ನೋವು ಇಳಿಯಿತು, ತುಟಿ ಮಾತ್ರ ಎಚ್ಚರಗೊಳ್ಳಲಿಲ್ಲ. ಕೆಳದವಡೆಗೆ ಕೊಡುವ ಅರಿವಳಿಕೆ ಕೆಲವು ಗಂಟೆಗಳಲ್ಲಿ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ತುಟಿ ಜೋಮು ಹಿಡಿದಂತಿದ್ದರೆ ಅದು ಅರಿವಳಿಕೆಯದಲ್ಲ ಎಂದೇ ತಿಳಿಯಬೇಕು, ಕಾಯುತ್ತಾ ಕೂರಬಾರದು. ಕಾಫಿ ಲೋಟವನ್ನು ಬಾಯಿಗಿಟ್ಟರೆ ಅದರ ಅಂಚು ಅರ್ಧಕ್ಕೆ ಮುರಿದಿರುವಂತೆ ಭಾಸವಾಗುತ್ತಿತ್ತು. ಮೊಸರನ್ನದ ಅಗುಳು ಗದ್ದಕ್ಕೆ ಅಂಟಿಕೊಂಡದ್ದು ಎದುರಿಗೆ ಕುಳಿತವರು ಹೇಳುವವರೆಗೆ ಗೊತ್ತಾಗುತ್ತಿರಲಿಲ್ಲ. ಕ್ಷೌರ ಮಾಡಿಕೊಳ್ಳುವಾಗ ಬ್ಲೇಡು ತಗುಲಿದರೂ, ರಕ್ತ ಕನ್ನಡಿಯಲ್ಲಿ ಕಂಡ ಮೇಲೆಯೇ ತಿಳಿಯುತ್ತಿತ್ತು. ತುಟಿ ಸೊಟ್ಟಗಾಗುವುದಿಲ್ಲ, ಏಕೆಂದರೆ ತುಟಿಯನ್ನು ಆಡಿಸುವ ನರ ಬೇರೆ, ಸ್ಪರ್ಶ ತಿಳಿಸುವ ನರ ಬೇರೆ. ಹಾಗಾಗಿ ನೋಡುವವರಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ, ಮನೆಯವರಿಗೂ ವಿವರಿಸುವುದು ಕಷ್ಟ.

ಕೊನೆಗೆ ಒಂದು ದಂತ ವೈದ್ಯಕೀಯ ಕಾಲೇಜಿನ ಬಾಯಿ ಮತ್ತು ಮುಖದವಡೆ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋದೆ. ಅಲ್ಲಿ ಮೊದಲು ಮಾಡಿಸಿದ್ದೇ ಒಪಿಜಿ, ಅಂದರೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್-ರೇ. ಶಸ್ತ್ರತಜ್ಞೆ ಪೆನ್ಸಿಲಿನ ತುದಿಯಿಂದ ಕೆಳದವಡೆಯ ಮೂಳೆಯೊಳಗೆ ಸಾಗುವ ಎರಡು ತೆಳು ಬಿಳಿ ಗೆರೆಗಳನ್ನು ತೋರಿಸಿದರು. ಆ ಗೆರೆಗಳ ನಡುವಿನ ಕಾಲುವೆಯಲ್ಲಿ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಹೋಗುತ್ತದೆ. ಉಳಿದುಹೋದ ಬೇರಿನ ಚೂರು ನೇರವಾಗಿ ಆ ಕಾಲುವೆಯ ಮೇಲೆಯೇ ಕುಳಿತಿತ್ತು. ಬುದ್ಧಿಹಲ್ಲು ತೆಗೆಯುವ ಮೊದಲೇ ಒಪಿಜಿಯಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕೆಂದು ಅವರು ವಿವರಿಸಿದರು: ಕಾಲುವೆ ದಾಟುವ ಕಡೆ ಬೇರು ಕಪ್ಪಾಗಿ ಕಾಣುತ್ತದೆಯೇ, ಬಿಳಿ ಗೆರೆ ಅಲ್ಲಿ ತುಂಡಾಗಿದೆಯೇ, ಕಾಲುವೆಯೇ ದಾರಿ ತಿರುಗಿಸಿಕೊಂಡಿದೆಯೇ. ಇವುಗಳಲ್ಲಿ ಒಂದಿದ್ದರೂ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ, ನರ ಬೇರಿನ ಯಾವ ಪಕ್ಕಕ್ಕಿದೆ ಎಂದು ನೋಡಿಕೊಂಡು ಕೈ ಹಾಕುವುದು ಕ್ಷೇಮ. ನರ ತೀರಾ ಅಂಟಿಕೊಂಡಿದ್ದರೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು, ಬೇರುಗಳನ್ನು ಬೇಕೆಂದೇ ಮೂಳೆಯಲ್ಲಿ ಬಿಡುವ ಕೊರೊನೆಕ್ಟಮಿ ಎಂಬ ವಿಧಾನವೂ ಇದೆ. ಅಂಥದೊಂದು ದಾರಿ ಇದೆ ಎಂದು ನಾನು ಮೊದಲ ಬಾರಿಗೆ ಕೇಳಿದ್ದು ಆ ಕೋಣೆಯಲ್ಲಿ, ನರಕ್ಕೆ ಪೆಟ್ಟು ಬಿದ್ದ ಮೇಲೆ. ನನಗೆ ಇಂದಿಗೂ ಅತ್ಯಂತ ನೋವುಂಟುಮಾಡುವ ಸಂಗತಿ ಇದೇ.

ತುಟಿಯ ಸ್ಪರ್ಶ ಶಾಶ್ವತವಾಗಿ ಹೋಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಎಂದು ಹೇಳುತ್ತಾರೆ, ತಾತ್ಕಾಲಿಕವಾಗಿ ಆಗುವುದು ಅದಕ್ಕಿಂತ ಹೆಚ್ಚು. ಆದರೆ ಇದು ಎಲ್ಲ ಹಲ್ಲುಗಳನ್ನೂ ಸೇರಿಸಿದ ಸರಾಸರಿ. ಬೇರು ನರವನ್ನು ಮುಟ್ಟಿಕೊಂಡಿರುವವರಿಗೆ ಅಪಾಯ ಹೆಚ್ಚು. ಯಾವ ಗುಂಪಿಗೆ ಸೇರಿದ್ದೇವೆ ಎಂದು ತಿಳಿಯುವ ದಾರಿ ಆ ಎಕ್ಸ್-ರೇ ಒಂದೇ. ಜೊತೆಗೆ, ಹಲ್ಲು ತೆಗೆಯುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿ. ಬಿಡಿಎಸ್ ಎಂಬ ಮೊದಲ ಪದವಿ ಮಾಡಿದ ದಂತವೈದ್ಯರು ಸರಳವಾದ ಹಲ್ಲುಗಳನ್ನು ಚೆನ್ನಾಗಿಯೇ ತೆಗೆಯುತ್ತಾರೆ, ಆದರೆ ಮೂಳೆಯಲ್ಲಿ ಆಳವಾಗಿ ಹುದುಗಿರುವ ಹಲ್ಲಿಗೆ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದವರೇ ಬೇಕು. ಬೋರ್ಡಿನಲ್ಲಿ ತಜ್ಞರ ಹೆಸರು ಇದ್ದು, ಕುರ್ಚಿಯ ಪಕ್ಕದಲ್ಲಿ ಬೇರೆಯವರು ನಿಲ್ಲುವ ಕಡೆಗಳೂ ಇವೆ.

ಹಾಗೆಂದು ನೋವಿರುವ ಹಲ್ಲನ್ನು ಭಯದಿಂದ ಮುಂದೂಡುತ್ತಲೂ ಹೋಗಬೇಡಿ. ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ದವಡೆಯ ಕೆಳಗೆ ಕತ್ತಿನ ಕಡೆಗೆ ಗಟ್ಟಿಯಾದ ಊತ ಬಂದರೆ, ಎಂಜಲು ನುಂಗಲಾಗದಿದ್ದರೆ ಅಥವಾ ಉಸಿರಿಗೆ ತೊಂದರೆಯಾದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ಗಳಿಗೆಯಲ್ಲಿಯೇ ಹೋಗಬೇಕು. ಕೆಳಗಿನ ಬುದ್ಧಿಹಲ್ಲಿನ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುವುದರಿಂದ, ಅಲ್ಲಿನ ಸೋಂಕು ಕತ್ತಿಗೆ ಜಾರುವುದು ಸುಲಭ.

ಚಿಕಿತ್ಸೆಯ ಕಾಗದಪತ್ರಗಳನ್ನು ಅಂದೇ ಕೇಳಿ ಪಡೆಯಿರಿ. ಬೇರು ಮುರಿದು ಒಳಗೆ ಉಳಿದರೆ ಅದನ್ನು ಬರೆದುಕೊಡಬೇಕು, ಎಕ್ಸ್-ರೇ ನಿಮ್ಮ ಕೈಗೆ ಬರಬೇಕು. ನರಕ್ಕೆ ಹತ್ತಿರವಿರುವ, ಸೋಂಕಿಲ್ಲದ ಚಿಕ್ಕ ಚೂರನ್ನು ತೆಗೆಯದೆ ಬಿಡುವುದು ಕೆಲವೊಮ್ಮೆ ಸರಿಯಾದ ತೀರ್ಮಾನವೇ, ಆದರೆ ಅದು ರೋಗಿಗೆ ಗೊತ್ತಿರಬೇಕು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ದಂತವೈದ್ಯರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ದೂರು ಕೊಡಬೇಕಾದ ಸಂದರ್ಭ ಬಂದರೆ ಕಾಗದವಿಲ್ಲದೆ ಏನೂ ಸಾಗುವುದಿಲ್ಲ. ನನ್ನ ಹತ್ತಿರ ಇದ್ದದ್ದು ಹಣ ಕಟ್ಟಿದ ರಸೀದಿ ಒಂದೇ.

ಈಗಾಗಲೇ ತುಟಿಯೋ ನಾಲಿಗೆಯೋ ಮರಗಟ್ಟಿದ್ದರೆ, ತಾನಾಗಿ ಸರಿಹೋಗುತ್ತದೆ ಎಂಬ ಸಮಾಧಾನವನ್ನಷ್ಟೇ ನಂಬಿ ಕೂರಬೇಡಿ. ಎಷ್ಟೋ ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ ಎಂಬುದು ನಿಜ. ಆದರೂ ಬಾಯಿ ಶಸ್ತ್ರತಜ್ಞರ ಬಳಿ ಹೋಗಿ, ಹತ್ತಿಯ ಎಳೆಯಿಂದಲೂ ಸೂಜಿಮೊನೆಯಿಂದಲೂ ಮುಟ್ಟಿಸಿ, ಮರಗಟ್ಟಿದ ಜಾಗದ ಅಂಚನ್ನು ಗುರುತಿಸಿ ದಿನಾಂಕದೊಂದಿಗೆ ಬರೆಸಿಕೊಳ್ಳಿ. ಮುಂದಿನ ಭೇಟಿಗಳಲ್ಲಿ ಆ ಅಂಚು ಕಿರಿದಾಗುತ್ತಿದೆಯೇ ಎಂದು ತಿಳಿಯುವುದು ಅದರಿಂದಲೇ. ಬಿ12 ಮಾತ್ರೆ ಬರೆದುಕೊಡುತ್ತಾರೆ, ತೆಗೆದುಕೊಳ್ಳಿ, ಆದರೆ ತುಂಡಾದ ನರವನ್ನು ಮಾತ್ರೆ ಕೂಡಿಸುವುದಿಲ್ಲ. ಮೂರು ತಿಂಗಳಾದರೂ ಸುಧಾರಣೆ ಕಾಣದಿದ್ದರೆ ನರವನ್ನು ಸೂಕ್ಷ್ಮದರ್ಶಕದಡಿ ಸರಿಪಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿ. ತಡವಾದಷ್ಟೂ ಅದರಿಂದ ಸಿಗುವ ಫಲ ಕಡಿಮೆ.