ರಾತ್ರಿಶಾಲೆ ಡಾಕ್ಯುಮೆಂಟರಿಗೆ ನಾಲ್ಕು ದಾರಿ: ಯಾವುದು ಕೈಹಿಡೀತು?

ಮೀಡಿಯಾ ಕೋರ್ಸಿನ ಕೊನೇ ವರ್ಷದ ಪ್ರಾಜೆಕ್ಟಿಗೆ ನಮ್ಮ ಗುಂಪು ಆರಿಸಿಕೊಂಡದ್ದು ಮುಂಬೈಯ ಕನ್ನಡ ರಾತ್ರಿಶಾಲೆಗಳನ್ನು. ಊರಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಲ್ಲೋ ಕ್ಯಾಂಟೀನಲ್ಲೋ ದುಡಿದು, ಸಂಜೆ ಫೋರ್ಟ್ ಕಡೆಯ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದ ಕಥೆ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಹೊಸದೇನಲ್ಲ. ಸಿನಿಮಾಕ್ಕೆ ಒಂದಷ್ಟು ಮಾರ್ಕ್ಸು, ಅದರ ಹಿಂದಿನ ರಿಸರ್ಚಿಗೆ ಬೇರೆ ಮಾರ್ಕ್ಸು. ಹಾಗಾಗಿ ಆನ್‌ಲೈನ್ ಫಾರ್ಮ್, ಒಬ್ಬೊಬ್ಬರ ಸಂದರ್ಶನ, ಗುಂಪು ಚರ್ಚೆ, ಹಳೇ ಕಾಗದಪತ್ರ ನಾಲ್ಕನ್ನೂ ಮಾಡಿ ನೋಡಿದೆವು. ನನ್ನ ಓಟು ಸಂದರ್ಶನಕ್ಕೆ, ಅದರ ಜೊತೆಗೆ ಹಳೇ ಕಾಗದಕ್ಕೆ. ಫಾರ್ಮ್ ಕೊನೇ ಸ್ಥಾನದಲ್ಲಿದೆ, ಆದರೆ ಅದನ್ನು ಪೂರ್ತಿ ಬಿಡೋಕೂ ಆಗಲ್ಲ.

ಫಾರ್ಮಿನ ದೊಡ್ಡ ಗುಣ ಅಂದ್ರೆ ಖರ್ಚಿಲ್ಲ. ವಾಟ್ಸಾಪಲ್ಲಿ ಹಾಕಿದರೆ ಹಳೇ ವಿದ್ಯಾರ್ಥಿಗಳ ಗುಂಪುಗಳಲ್ಲಿ ತಾನೇ ಓಡುತ್ತೆ, ಬಣ್ಣಬಣ್ಣದ ಚಾರ್ಟನ್ನೂ ತಾನೇ ಮಾಡಿ ಕೊಡುತ್ತೆ. ತೊಂದರೆ ಇರೋದು ಆ ಚಾರ್ಟಿನಲ್ಲೇ. 'ನಿಮ್ಮ ಜಿಲ್ಲೆ ಯಾವುದು?' ಅನ್ನೋ ಪ್ರಶ್ನೆಗೆ ದಕ್ಷಿಣ ಕನ್ನಡ ಅಂತ ಒತ್ತಿದವರೇ ಜಾಸ್ತಿ. ನೋಡಿದವರಿಗೆ ಮಂಗಳೂರು ಕಡೆಯವರೇ ಹೆಚ್ಚು ಬಂದರು ಅನ್ನಿಸುತ್ತೆ. ಆದರೆ ಉಡುಪಿ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಎಷ್ಟೋ ಮೊದಲು ಬಸ್ಸು ಹತ್ತಿ ಬಂದ ಕುಂದಾಪುರದವರು, ಕಾರ್ಕಳದವರು ತಾವು ಬಿಟ್ಟುಬಂದ ಜಿಲ್ಲೆಯ ಹೆಸರನ್ನೇ ಒತ್ತಿದ್ದಾರೆ. ಕೆಲವರು ಈಗಿನ ಲೆಕ್ಕ ಹಿಡಿದು ಉಡುಪಿ ಅಂದಿದ್ದಾರೆ. ಇಬ್ಬರದೂ ಸರಿ, ಚಾರ್ಟ್ ಮಾತ್ರ ತಪ್ಪು!

ಇನ್ನು 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ತನಕದ ಐದು ಉತ್ತರಗಳ ಅಳತೆ. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟದ್ದು, ಎಲ್ಲ ಪ್ರಾಜೆಕ್ಟಲ್ಲೂ ಇರುತ್ತೆ. 'ರಾತ್ರಿಶಾಲೆ ನನ್ನ ಬದುಕು ಬದಲಿಸಿತು' ಅಂತ ಬರೆದರೆ ಯಾರು ತಾನೇ ಇಲ್ಲ ಅಂತಾರೆ? ಅದೂ ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ! ಅರ್ಧಕ್ಕೇ ಶಾಲೆ ಬಿಟ್ಟವರು ಆ ಗುಂಪಲ್ಲಿ ಇರೋದೇ ಇಲ್ಲ. ಅವರನ್ನು ಹುಡುಕೋಕೆ ಒಬ್ಬರಿಂದ ಇನ್ನೊಬ್ಬರ ನಂಬರ್ ಕೇಳುತ್ತಾ ಹೋಗಬೇಕು.

ಸಂದರ್ಶನದಲ್ಲಿ ಎಲ್ಲವೂ ಪ್ರಶ್ನೆಯ ಮೇಲೆ ನಿಂತಿದೆ. 'ಏನೇನು ಕಷ್ಟಪಟ್ಟಿರಿ?' ಅಂದರೆ ಸನ್ಮಾನ ಸಭೆಯ ಭಾಷಣ ಶುರು. 'ಬೆಳಿಗ್ಗೆ ಎದ್ದಾಗಿಂದ ಹೇಳಿ' ಅಂದರೆ ಬೇರೇನೇ ಬರುತ್ತೆ. ಕಪ್ ಬಶಿ ತೊಳೆಯೋ ಕೆಲಸದಿಂದ ಶುರುಮಾಡಿ ಗಲ್ಲಾದ ತನಕ ಬಂದ ಒಬ್ಬ ಹಿರಿಯರ ಹತ್ತಿರ ನನ್ನ ಗೆಳತಿ, "ಮಾಮ, ಪುಸ್ತಕ ಎಲ್ಲಿಡ್ತಿದ್ರಿ?" ಅಂತ ಕೇಳಿದಳು. ಅವರು ಎದ್ದು ನಿಂತು, ಕೈಯೆತ್ತಿ ಅಟ್ಟದ ಎತ್ತರ ತೋರಿಸಿದರು. ಅದರ ಕೆಳಗೇ ವಡೆ ಕರಿಯೋ ಬಾಣಲೆ. "ಪುಸ್ತಕಕ್ಕೆಲ್ಲ ಎಣ್ಣೆಹೊಗೆ. ಲೆಕ್ಕದ ಪುಟ ಅಂಟಿಕೊಂಡು ಬಿಡಿಸೋಕೇ ಬರ್ತಿರಲಿಲ್ಲ. ಮಾಸ್ಟ್ರು ಮೂಸಿ ನೋಡಿ ಇವತ್ತೇನು ತಿಂಡಿ ಅಂತ ಕೇಳ್ತಿದ್ರು" ಅಂದರು. ಇದನ್ನು ಯಾವ ಫಾರ್ಮಲ್ಲಿ ಕೇಳೋಣ? ಕೇಳಬೇಕು ಅನ್ನೋದೇ ನಮಗೆ ಗೊತ್ತಿರಲಿಲ್ಲ ಅಲ್ವಾ.

ಇಸವಿ ಕೇಳಿದರೆ ಮಾತ್ರ ಎಲ್ಲರೂ ತಡವರಿಸುತ್ತಾರೆ. ಅದಕ್ಕೊಂದು ದಾರಿ ಇದೆ. ಮುಂಬೈಯ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ಮೊದಲೋ ಆಮೇಲೋ ಅಂತ ಕೇಳಬೇಕು. ಅದು ಶುರುವಾದದ್ದು 1982ರ ಜನವರಿಯಲ್ಲಿ, ಪರೇಲ್, ಲಾಲ್‌ಬಾಗ್ ಕಡೆ ಕೆಲಸ ಮಾಡಿದವರು ಯಾರೂ ಮರೆತಿಲ್ಲ. "ಮುಷ್ಕರದ ಹಿಂದಿನ ಮಳೆಗಾಲ" ಅಂದರೆ ವರ್ಷ ಸಿಕ್ಕಂತೆಯೇ.

ಬೆಲೆಯೂ ತೆರಬೇಕು. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಬರೆದಿಡೋಕೆ ನಾಲ್ಕೈದು ಗಂಟೆ ಹಿಡಿಯುತ್ತೆ. ಮಾತು ಕನ್ನಡದಿಂದ ತುಳುವಿಗೆ, ಅಲ್ಲಿಂದ ಮರಾಠಿಗೆ ಹಾರುತ್ತಿದ್ದರೆ ಇನ್ನೂ ಜಾಸ್ತಿ. ಮೊಬೈಲ್ ಆ್ಯಪಿಗೆ ಕೊಟ್ಟರೆ ಸುಮ್ನೆ ತಮಾಷೆ.

ಗುಂಪು ಚರ್ಚೆ ನನಗೆ ಅಷ್ಟು ಹಿಡಿಸಲಿಲ್ಲ. ವಯಸ್ಸಲ್ಲೋ ಹುದ್ದೆಯಲ್ಲೋ ದೊಡ್ಡವರೊಬ್ಬರು ಮಾತಾಡುತ್ತಾರೆ, ಉಳಿದವರು 'ಹೌದು ಹೌದು' ಅನ್ನುತ್ತಾರೆ. ಜಗಳ ಹತ್ತಿದರೆ ಮಾತ್ರ ಲಾಭ. ಕ್ಲಾಸು ಎಷ್ಟು ಗಂಟೆಗೆ ಶುರುವಾಗ್ತಿತ್ತು ಅನ್ನೋದರ ಮೇಲೆ ಇಬ್ಬರು ಹಟಕ್ಕೆ ಬಿದ್ದಾಗಲೇ ಗೊತ್ತಾದದ್ದು, ಒಬ್ಬರ ಧಣಿ ಬೇಗ ಬಿಡುತ್ತಿದ್ದರು, ಇನ್ನೊಬ್ಬರ ಧಣಿ ಸಂಜೆಯ ಗಿರಾಕಿ ಕರಗೋ ತನಕ ಬಿಡುತ್ತಿರಲಿಲ್ಲ ಅಂತ.

ಹಳೇ ಕಾಗದ ಅಂದ್ರೆ ಮುಂಬೈ ಕನ್ನಡಿಗರ ಮಟ್ಟಿಗೆ ಸಂಘಗಳ ಸ್ಮರಣ ಸಂಚಿಕೆಗಳು. ಬೆಳ್ಳಿಹಬ್ಬ, ಚಿನ್ನದ ಹಬ್ಬ ಅಂತ ಪ್ರತಿ ಸಂಘವೂ ತಂದಿರುತ್ತೆ. ಅದರೊಳಗಿನ ಲೇಖನಗಳನ್ನು ಓದದಿದ್ದರೂ ನಡೆಯುತ್ತೆ, ಅಧ್ಯಕ್ಷರ ಸಂದೇಶದಿಂದ ವಂದನಾರ್ಪಣೆ ತನಕ ಹೊಗಳಿಕೆಯೇ. ನೋಡಬೇಕಾದ್ದು ಜಾಹೀರಾತು. ಆರಂಕಿಯ ಫೋನ್ ನಂಬರು, ಹೋಟೆಲಿನ ಹೆಸರು, ಗಲ್ಲಿ, 'ಶುಭ ಕೋರುವವರು'. ಆ ಹೆಸರುಗಳನ್ನು ಮ್ಯಾಪಿನ ಮೇಲೆ ಗುರುತು ಹಾಕಿಕೊಂಡು ಹೋದರೆ, ಶಾಲೆಗೆ ಯಾವ ಗಲ್ಲಿಗಳ ಹೋಟೆಲಿನವರು ಕೈಜೋಡಿಸಿದರು ಅನ್ನೋದು ಎದ್ದು ಕಾಣುತ್ತೆ. ಸಂದರ್ಶನದಲ್ಲಿ ಕೇಳಿದ್ದನ್ನು ತಾಳೆ ನೋಡೋಕೆ ಇದಕ್ಕಿಂತ ಒಳ್ಳೇದು ಸಿಗಲಿಲ್ಲ. ಆದರೆ ಕಾಗದ ಎಲ್ಲರ ಮನೆಯಲ್ಲೂ ಉಳಿದಿಲ್ಲ. 2005ರ ಜುಲೈ 26ರ ನೆರೆಯಲ್ಲಿ ಹೋಯ್ತು ಅನ್ನೋ ಮಾತು ಕುರ್ಲಾ, ಕಲೀನಾ ಕಡೆ ಮತ್ತೆ ಮತ್ತೆ ಕೇಳಿಸಿತು.

ಮುಂದಿನ ಬ್ಯಾಚಿನವರು ಕೇಳಿದರೆ ನಾನು ಹೇಳೋದು ಇಷ್ಟು: ಮೊದಲು ಸಂಚಿಕೆ ತಿರುವಿಹಾಕಿ, ಆಮೇಲೆ ಹಿರಿಯರ ಹತ್ತಿರ ಹೋಗಿ ಕೂತ್ಕೊಳ್ಳಿ, ಅವರ ಬಾಯಿಂದ ಬಂದ ಪ್ರಶ್ನೆಗಳನ್ನೇ ಫಾರ್ಮಿಗೆ ಹಾಕಿ. ಜಿಲ್ಲೆಗೆ ಆಯ್ಕೆಗಳ ಪಟ್ಟಿ ಕೊಡಬೇಡಿ, ಊರು, ತಾಲೂಕು ಬರೆಯೋಕೆ ಖಾಲಿ ಜಾಗ ಬಿಡಿ. ಕೊನೇ ಪ್ರಶ್ನೆ 'ನಮ್ಮ ಜೊತೆ ಮಾತಾಡ್ತೀರಾ? ನಂಬರ್ ಕೊಡಿ' ಅಂತಿರಲಿ. ನಮ್ಮ ಫಾರ್ಮಿನಿಂದ ನಿಜವಾಗಿ ಕೆಲಸಕ್ಕೆ ಬಂದದ್ದು ಆ ಒಂದು ಕಾಲಮ್ಮೇ.